ಮುದ್ದಪ್ಪನವರ ಈ-ಮೇಲ್ ಬಟವಾಡೆ

ದುರುಗಕ್ಕ: ಐದು ದಿನ ಆಯ್ತು ಕಣ್ರೀ! ಅಳಿಯಂದ್ರು ಕೂಸಿನ ಫೋಟೋ ಕಳಿಸಿ ಐದು ದಿನ. ಈ ಡಬ್ಬಿಯೊಳಗೆ ನಾನೇ ಇಳಿದು ಹುಡುಕಿದ್ರೂ ಇಷ್ಟೊತ್ತಿಗೆ ಸಿಕ್ಕಿರೋದು.

ಮುದ್ದಪ್ಪ: ಸುಮ್ನಿರೇ. ಇನ್ನೂರ ಹನ್ನೆರಡನೇ ಕಾಗದದಾಗೆ ಅದೀನಿ. ಸರದಿ ತಪ್ಪಿದ್ರೆ ಬಟವಾಡೆ ಕೆಡ್ತತೆ.

ದುರುಗಕ್ಕ: ಒಟ್ಟು ಎಷ್ಟು ಅವೆ?

ಮುದ್ದಪ್ಪ: ಆರುನೂರ ನಲವತ್ತು.

ದುರುಗಕ್ಕ: ಅಯ್ಯೋ ನನ್ನ ಕರ್ಮವೇ! ನಿಮ್ಮ ಬಟವಾಡೆ ಮುಗಿಯೋ ಹೊತ್ತಿಗೆ ಆ ಕೂಸೇ ನಡ್ಕಂಡು ಬಂದು ಬಾಗಿಲು ಬಡೀತತೆ.

ಇದು ಎರಡು ಸಾವಿರದ ನಾಲ್ಕನೇ ಇಸವಿ. ಜಾಗ ಹಿರಿಯೂರು ಬಸ್ ಸ್ಟ್ಯಾಂಡಿನ ಹಿಂದೆ ಮಾರುತೇಶ ನಡೆಸುವ ಸೈಬರ್ ಕೆಫೆ. ಕಂಪ್ಯೂಟರು ಮೂರು, ನಡೆಯುವುದು ಒಂದು. ಅದರ ಮುಂದೆ ಕುಳಿತಿರುವ ಮುದ್ದಪ್ಪನವರು ಮೂವತ್ನಾಲ್ಕು ವರ್ಷ ಯಲ್ಲದಕೆರೆ ಸುತ್ತ ಟಪಾಲು ಹಂಚಿ ಹೋದ ವರ್ಷ ನಿವೃತ್ತರಾದ ಪೋಸ್ಟ್‌ಮನ್. ಮಗಳು ರಮ್ಯಾ, ಮಿಲಿಟರಿಯಲ್ಲಿರುವ ಅಳಿಯ ನಿರಂಜನನ ಜೊತೆ ದೂರದ ತೇಜ್‌ಪುರದಲ್ಲಿದ್ದಾಳೆ. ರೈಲು ಹತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಅಲ್ಲೇ ಆಯಿತು, ಬಾಣಂತನಕ್ಕೆ ಬೀಗಿತ್ತಿ ಏಕಾಂತಮ್ಮ ಹೋದರು. ಹೋದವರು ಸುಮ್ಮನಿರಬಾರದೇ? ಫೋನಿನಲ್ಲಿ ‘ಕೂಸಿನ ಮೂಗು ಥೇಟ್ ನಮ್ಮ ಕಡೇದು’ ಎಂದುಬಿಟ್ಟರು. ಅಂದಿನಿಂದ ಮುದ್ದಪ್ಪನವರ ಹೆಂಡತಿ ದುರುಗಕ್ಕನಿಗೆ ಅನ್ನ ಇಳಿಯುತ್ತಿಲ್ಲ. ಆ ಮೂಗನ್ನು ಕಣ್ಣಾರೆ ನೋಡಲೇಬೇಕು.

ಮಾರುತೇಶ (ಬಗ್ಗಿ ನೋಡಿ): ಅಳಿಯಂದ್ರ ಹೆಸರಲ್ಲಿ ಹುಡುಕಿದ್ರಾ, ಮುದ್ದಪ್ಪಣ್ಣ?

ಮುದ್ದಪ್ಪ: ಅವರ ಹೆಸರಲ್ಲಿ ಬಂದಿಲ್ಲಪ್ಪ. ಯಾರೋ ಸ್ನೇಹಿತನ ಅಡ್ರೆಸ್ಸಿಂದ ಕಳಿಸಿದಾರಂತೆ.

ಮಾರುತೇಶ: ಹಂಗಾದ್ರೆ ಮೊದ್ಲು ಇದನ್ನ ಗುಡಿಸ್ಬೇಕು. ಇವೆಲ್ಲ ಸ್ಪಾಮು. ಬರೀ ಕಸ.

ಮುದ್ದಪ್ಪ: ಕಸ ಅನ್ನಬ್ಯಾಡ. ಕಾಗದ ಅದು. ನನ್ನ ಸರ್ವೀಸಿನಾಗೆ ಒಂದು ಕಾರ್ಡು ಹರಿದೋನಲ್ಲ. ವೇದಾವತಿ ತುಂಬಿದಾಗ ಚೀಲ ತಲೆ ಮ್ಯಾಲೆ ಹೊತ್ಕಂಡು ದಾಟಿದೀನಿ.

ದುರುಗಕ್ಕ: ದಾಟಿ ಕೊಟ್ಟಿದ್ದು ಲಗ್ನಪತ್ರಿಕೆ. ಮದುವೆ ಆಗಿ ಹದಿನೈದು ದಿನ ಆಗಿತ್ತು.

ಮಾರುತೇಶ: ಅಲ್ಲಣ್ಣ, ಇದೇನಿದು? ನೀವು ಕಳಿಸಿದ್ದೇ ಇನ್ನೂರ ಹನ್ನೊಂದು ಅವೆ! ಯಾರಿಗೆ ಬರೆದ್ರಿ?

ಮುದ್ದಪ್ಪ: ಬರೆದೋರಿಗೆಲ್ಲ. ‘ಡಿಯರ್ ಫ್ರೆಂಡ್’ ಅಂತ ಐತೆ. ಹೆಸರಿಲ್ಲ, ಊರಿಲ್ಲ, ಪಿನ್‌ಕೋಡಿಲ್ಲ. ಅಂಥ ಕಾಗದಕ್ಕೆ ರೂಲ್ ಏನು ಹೇಳ್ತತೆ? ‘ವಿಳಾಸದಾರರು ಸಿಕ್ಕಿಲ್ಲ’ ಅಂತ ಷರಾ ಬರೆದು ಕಳಿಸಿದೋರಿಗೆ ವಾಪಸ್. ಕೆಳಗೆ ನನ್ನ ಹೆಸರು, ಮನೆ ನಂಬರು.

ಮಾರುತೇಶ (ಹಣೆ ಹಣೆ ಬಡಿದುಕೊಂಡು): ಕೆಟ್ಟೋಯ್ತು! ಅವರು ಕತ್ತಲಾಗೆ ಕಲ್ಲು ಒಗೀತಾರಣ್ಣ. ‘ಅಯ್ಯೋ’ ಅಂದ್ರೆ ಅಲ್ಲಿ ಜನ ಅದಾರೆ ಅಂತ ಗೊತ್ತಾಗ್ತತೆ. ಆಮೇಲೆ ಅಲ್ಲಿಗೇ ಲಾರಿಗಟ್ಲೆ ಒಗೀತಾರೆ.

ಮುದ್ದಪ್ಪ: ನಾನು ‘ಇಲ್ಲ’ ಅಂತ ತಾನೆ ಬರೆದಿದ್ದು?

ಮಾರುತೇಶ: ಮನೆಯಾಗೆ ಯಾರೂ ಇಲ್ಲ ಅಂತ ನೀವೇ ಬಾಗಿಲು ತೆಗೆದು ಹೇಳಿದ್ರೆ ಯಾರು ನಂಬ್ತಾರೆ?

ದುರುಗಕ್ಕ (ತೆರೆಗೆ ಬೆರಳಿಟ್ಟು): ಈ ಹೆಂಗಸು ಯಾರು? ಸಿಂಗಾರ ಮಾಡ್ಕಂಡು ಕುಂತೈತಲ್ಲ?

ಮುದ್ದಪ್ಪ: ಪಾಪ, ಯಾವುದೋ ದೇಶದ ಮಂತ್ರಿ ಹೆಂಡ್ತಿ. ಗಂಡ ತೀರ್ಕಂಡನಂತೆ. ಅವನು ಬಚ್ಚಿಟ್ಟ ಗಂಟು ಬಿಡಿಸೋಕೆ ನನ್ನ ಸಹಾಯ ಬೇಕಂತೆ.

ದುರುಗಕ್ಕ: ಏಳು ಸಮುದ್ರ ದಾಟಿ ಹಿರಿಯೂರು ಪೋಸ್ಟ್‌ಮನ್ನೇ ಬೇಕಾಗಿತ್ತಾ ಅವಳಿಗೆ? ಅವಳಿಗೂ ‘ಸಿಕ್ಕಿಲ್ಲ’ ಅಂತ ಬರೆದ್ರಾ?

ಮುದ್ದಪ್ಪ (ಕೆಮ್ಮಿ): ಅವಳಿಗೆ... ‘ದುಃಖವಾಯ್ತು, ಧೈರ್ಯವಾಗಿರಿ’ ಅಂತ.

ದುರುಗಕ್ಕ: ನಮ್ಮಪ್ಪ ಸತ್ತಾಗ ಒಂದು ಕಾರ್ಡು ಹಾಕ್ಲಿಲ್ಲ ನೀವು!

ಮುದ್ದಪ್ಪ: ನಾನೇ ಬಂದಿದ್ನಲ್ಲೇ!

ದುರುಗಕ್ಕ: ಬಂದಿದ್ದು ತಿಥಿ ಊಟಕ್ಕೆ.

ಮಾರುತೇಶನಿಗೆ ನಗು ಬಂತು. ದುರುಗಕ್ಕನ ಮುಖ ನೋಡಿ ನುಂಗಿಕೊಂಡ.

ಮಾರುತೇಶ: ಅದಿರ್ಲಿ, ಈ ಜನಕ್ಕೆಲ್ಲ ನಿಮ್ಮ ಅಡ್ರೆಸ್ ಸಿಕ್ಕಿದ್ದೆಲ್ಲಿ?

ಮುದ್ದಪ್ಪ: ಫಾರಂ ಬಂತು, ತುಂಬಿದೆ. ಪುಕ್ಕಟೆ ಭವಿಷ್ಯ, ಪುಕ್ಕಟೆ ಗಡಿಯಾರ, ಬೋಳು ತಲೆಗೆ ಕೂದಲು... ಸುಮಾರು ಬಂದಿದ್ವು. ಖಾಲಿ ಜಾಗ ಬಿಟ್ರೆ ಫಾರಂ ತಿರಸ್ಕಾರ ಆಗ್ತತಲ್ಲ?

ಮಾರುತೇಶ: ಆಗ್ಲಿ ಬಿಡ್ರಿ! ಕಂಡ್‌ಕಂಡ ಫಾರಮ್ಮಿಗೆ ಅಡ್ರೆಸ್ ಕೊಡಬಾರ್ದು. ಗುರುತಿಲ್ದೋರಿಗೆ ಉತ್ತರ ಬರೀಬಾರ್ದು. ಮನೆ ಜನಕ್ಕೆ ಒಂದು ಅಡ್ರೆಸ್ಸು, ಊರ ಜನಕ್ಕೆ ಇನ್ನೊಂದು ಇಟ್ಕಬೇಕು. ಏಳ್ರಿ, ನಾನು ಗುಡಿಸ್ತೀನಿ.

ಮುದ್ದಪ್ಪ: ಒಡೀದ ಕಾಗದ ನಾನೂರು ಅವೆ ಕಣೋ! ಪಾಪ ತಟ್ತತೆ!

ದುರುಗಕ್ಕ: ಪಾಪ ನನಗಿರ್ಲಿ. ಗುಡಿಸಪ್ಪ ನೀನು.

ಮುದ್ದಪ್ಪ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತರು. ಮಾರುತೇಶ ಕುರ್ಚಿಗೆ ಬಂದ. ಅವನಿಗೆ ಈಗ ಉತ್ಸಾಹ ಹೆಚ್ಚಾಗಿತ್ತು.

ಮಾರುತೇಶ: ನೋಡ್ರಿ, ಒಳಗೆ ತೆಗೆದು ನೋಡೋದೇ ಬ್ಯಾಡ. ತಲೆಬರಹ ಸಾಕು. ‘ಲಕ್ಕಿ’ ಅಂದ್ರೆ ಕಳ್ಳ. ‘ಅರ್ಜೆಂಟ್’ ಅಂದ್ರೆ ಕಳ್ಳ. ‘ಕಂಗ್ರಾಚುಲೇಷನ್ಸ್’ ಅಂತ ಇದ್ರಂತೂ ಕಳ್ಳರ ಗುರು. ಎಲ್ಲಾ ಹೋದ್ವು! ಬುಟ್ಟಿಗೆ ಬಿದ್ದಿದ್ದನ್ನೂ ಸುಟ್ಟೆ. ದೇವರು ಬಂದ್ರೂ ವಾಪಸ್ ತರೋಕಾಗಲ್ಲ.

ದುರುಗಕ್ಕ: ಸರಿ. ಕೂಸು ತೋರಿಸು.

ಉಳಿದದ್ದು ಮೂರು ಕಾಗದ. ಒಂದರಲ್ಲೂ ಕೂಸಿಲ್ಲ. ಮಾರುತೇಶ ಮೇಲೆ ಕೆಳಗೆ ಎಳೆದು ನೋಡಿದ. ದುರುಗಕ್ಕ ಸೀದಾ ಕೆಫೆಯ ಎಸ್‌ಟಿಡಿ ಫೋನಿಗೆ ಹೋಗಿ ಅಳಿಯನಿಗೆ ಹಚ್ಚಿಸಿದಳು.

ದುರುಗಕ್ಕ (ಫೋನಿನಲ್ಲಿ): ಅಳಿಯಂದ್ರೇ, ಕಾಗದದ ತಲೆ ಮ್ಯಾಲೆ ಏನಂತ ಬರೆದಿದ್ರಿ?... ಏನು?... ತಾತ ಆಗಿದಾರೆ ಅಂತ ‘ಕಂಗ್ರಾಚುಲೇಷನ್ಸ್’ ಅಂತ ಬರೆದ್ರಾ?

ಫೋನನ್ನು ಎದೆಗೆ ಒತ್ತಿಕೊಂಡು ಅವಳು ಮಾರುತೇಶನ ಕಡೆ ತಿರುಗಿದಳು. ಮಾರುತೇಶ ಕುರ್ಚಿ ಬಿಟ್ಟು ಎದ್ದ.

ದುರುಗಕ್ಕ: ಲೇ ಮಾರುತೇಶ! ನನ್ನ ಮೊಮ್ಮಗನ್ನ ಕಳ್ಳರ ಗುರು ಅಂದೇನೋ? ಸುಟ್ಟೆ ಅಂದ್ಯಲ್ಲೋ, ನಿನ್ನ ಬಾಯಿಗೆ ಬೆಂಕಿ ಬೀಳ!

ಮುದ್ದಪ್ಪ (ಗೋಡೆ ಬಿಟ್ಟು ತಿರುಗಿ, ಎದೆಯುಬ್ಬಿಸಿ): ಮುಟ್ಟಿಸಬೇಕಾದ ಕಾಗದ ಸುಟ್ರೆ ನಮ್ಮ ಇಲಾಖೆಯಾಗೆ ನಿಂತ ನಿಲುವಲ್ಲೇ ಸಸ್ಪೆಂಡ್!

ಮಾರುತೇಶ: ತಪ್ಪಾಯ್ತು ದುರುಗಕ್ಕ! ತಡೀರಿ, ಮನೆ ಜನಕ್ಕೇ ಅಂತ ಹೊಸ ಅಡ್ರೆಸ್ ಮಾಡ್ತೀನಿ. ಇವತ್ತಿನ ಚಾರ್ಜು ಬ್ಯಾಡ. ಅಳಿಯಂದ್ರಿಗೆ ಇನ್ನೊಂದ್ಸಲ ಕಳ್ಸೋಕೆ ಹೇಳ್ರಿ.

ಹೊಸ ವಿಳಾಸವನ್ನು ಅವನೇ ಫೋನಿನಲ್ಲಿ ಒಂದೊಂದೇ ಅಕ್ಷರ ಕೂಗಿ ಹೇಳಿ, ಕೆಫೆಯ ಫೋನ್ ನಂಬರನ್ನೂ ಕೊಟ್ಟ. ಅರ್ಧ ಗಂಟೆಗೆ ಕಾಗದ ಬಂತು. ಫೋಟೋ ಮೇಲಿನಿಂದ ಬೆರಳಷ್ಟು ಬೆರಳಷ್ಟೇ ಇಳಿಯತೊಡಗಿತು. ಮೊದಲು ಉಲ್ಲನ್ ಟೋಪಿ ಬಂತು.

ಮುದ್ದಪ್ಪ: ಹಣೆ ನಂದು!

ದುರುಗಕ್ಕ: ಕಣ್ಣು ರಮ್ಯಂದು. ಅಯ್ಯೋ ನನ್ನ ಬಂಗಾರ... ಲೇ, ಯಾಕೆ ನಿಂತ್ಕಂತು? ಕೆಳಗೆ ಇಳಿಸೋ!

ಮಾರುತೇಶ: ಲೈನ್ ಸ್ಲೋ ಐತಕ್ಕ. ಬರ್ತತೆ.

ಮೂಗು ಬಂತು. ಉದ್ದಕ್ಕೆ ಇಳಿದು, ತುದಿಯಲ್ಲಿ ಗುಂಡಗೆ ತಿರುಗಿದ ಮೂಗು. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಏಕಾಂತಮ್ಮನ ಮೂಗೇ. ದುರುಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ತೆರೆಯ ಗಾಜನ್ನು ಮೆಲ್ಲಗೆ ಸವರಿದಳು.

ದುರುಗಕ್ಕ: ಏನ್ ಚಂದ ಐತ್ರೀ ನಮ್ಮ ಕೂಸು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮುದ್ದಪ್ಪ ಎತ್ತಿದರು.

ಮುದ್ದಪ್ಪ (ಫೋನಿಗೆ ಕೈ ಅಡ್ಡ ಹಿಡಿದು): ಬೀಗ್ತಿ! ಫೋಟೋ ಬಂತಾ, ಮೂಗು ನೋಡಿದ್ರಾ ಅಂತಾರೆ. ಏನನ್ಲಿ?

ದುರುಗಕ್ಕ: ಬಂದಿಲ್ಲ ಅನ್ರಿ.

ಮುದ್ದಪ್ಪ: ಲೇ! ಬಂದ ಟಪಾಲು ಬಂದಿಲ್ಲ ಅಂತ ಮೂವತ್ನಾಲ್ಕು ವರ್ಷದಾಗೆ ನಾನು...

ದುರುಗಕ್ಕ: ಆ ಮಂತ್ರಿ ಹೆಂಡ್ತಿ ವಿಷಯ ಬೀಗ್ತಿಗೆ ನಾನು ಹೇಳ್ಲಾ?

ಮುದ್ದಪ್ಪ (ಫೋನಿನಲ್ಲಿ, ತಕ್ಷಣ): ಇಲ್ಲಮ್ಮ, ಬಂದಿಲ್ಲ!

ಮಾರುತೇಶ: ಅಲ್ಲ ದುರುಗಕ್ಕ, ಬಂದಿಲ್ಲ ಅಂದ್ರೆ ಅವರು ಮತ್ತೆ ಮತ್ತೆ ಕಳಿಸ್ತಾನೇ ಇರ್ತಾರಲ್ಲ?

ದುರುಗಕ್ಕ: ಕಳಿಸ್ಲಿ ಬಿಡೋ. ದಿನಾ ಒಂದು ಕಳಿಸ್ಲಿ. ಯಾವುದಾದ್ರೂ ಒಂದ್ರಾಗೆ ನಮ್ಮ ಕಡೆ ಮೂಗು ಬಂದೇ ಬರ್ತತೆ!