ಸಂತಾಪದ ಹಾರ

ಆಶ್ಚರ್ಯಸೂಚಕ ಚಿಹ್ನೆ ಕಂಡರೆ ನನಗೆ ಭಯ. ಐವತ್ತು ದಾಟಿದವನು ಒಪ್ಪಿಕೊಳ್ಳುವಂಥ ಮಾತಲ್ಲ, ಆದರೂ ಇದ್ದದ್ದು ಇದ್ದಂತೆ ಹೇಳಬೇಕಲ್ಲ. ಬಾಗಲಕೋಟೆಯಿಂದ ಪುಣೆಗೆ ವರ್ಗವಾಗಿ ಬಂದ ಮೇಲೆ, ಆಫೀಸಿನಿಂದ ಮರಳುವಾಗ ಒಂದು ಮರಾಠಿ ಸಂಜೆಪತ್ರಿಕೆ ಕೊಳ್ಳುವ ಚಟ ನನಗೆ ಅಂಟಿಕೊಂಡಿತು. ಭಾಷೆ ಕಲಿತಂತಾಗುತ್ತದೆ ಎಂಬುದು ನೆಪ. ಆ ಪತ್ರಿಕೆಯಲ್ಲಿ ಯಾವುದೂ ಸುಮ್ಮನೆ ನಡೆಯುವುದಿಲ್ಲ, ಪ್ರತಿ ತಲೆಬರಹದ ಕೊನೆಗೂ ಆ ಚಿಹ್ನೆ. ಟ್ರಾಫಿಕ್ಕು ಉಸಿರುಗಟ್ಟಿಸುತ್ತದೆ, ಈರುಳ್ಳಿ ಅಳಿಸುತ್ತದೆ, ಬೀದಿನಾಯಿ ಒಂದಿದ್ದರೆ ಭೀತಿ, ಎರಡಿದ್ದರೆ ಸಾಮ್ರಾಜ್ಯ. ಒಂದು ಹೊತ್ತು ನಲ್ಲಿ ನಿಂತರೆ ಊರಿಗೆ ಊರೇ ‘ಹವಾಲದಿಲ್’. ಇದು ಹವಾಲ್ದಾರರಿಗೆ ಸಂಬಂಧಪಟ್ಟ ಮಾತೆಂದು ತಿಳಿದು, ನೀರು ನಿಂತರೆ ಪೊಲೀಸರು ಯಾಕೆ ಬರುತ್ತಾರೆಂದು ಆರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕಂಗಾಲು ಎಂದಷ್ಟೇ ಅದರ ಅರ್ಥವಂತೆ. ಹಾಗಾದರೆ ಆರು ತಿಂಗಳಿಂದ ನಾನೂ ಅದೇ ಆಗಿದ್ದೆ.

“ಅದನ್ನ ಓದಿ ಯಾಕ ಬಿಪಿ ಏರಿಸ್ಕೋತೀರಿ?” ಎನ್ನುತ್ತಾಳೆ ನನ್ನ ಹೆಂಡತಿ ಸುಮಂಗಲಾ. ಅವಳು ಬೆಳಗಾವಿಯವಳು, ಮರಾಠಿ ಅವಳಿಗೆ ನೀರು ಕುಡಿದಷ್ಟು ಸಲೀಸು. ನನ್ನದು ರಿಕ್ಷಾದವರಿಂದ ಕಲಿತ ಮರಾಠಿ. ಎಡಕ್ಕೆ, ಬಲಕ್ಕೆ, ನಿಲ್ಲಿಸಿ ಎಂಬಲ್ಲಿಗೆ ಮುಗಿಯುತ್ತದೆ. ನನ್ನ ವಾಕ್ಯ ಮುಗಿಯುವ ತನಕ ಕಾಯುವ ತಾಳ್ಮೆ ಇದ್ದವರು ಈ ಊರಿನಲ್ಲಿ ಒಬ್ಬರೇ: ನಮ್ಮ ಹೌಸಿಂಗ್ ಸೊಸೈಟಿಯ ಅಧ್ಯಕ್ಷ ಜೋಶಿಕಾಕಾ. ದಿನಾ ಬೆಳಿಗ್ಗೆ ಇಬ್ಬರೂ ಕಾತ್ರಜದ ಕೆರೆಯತ್ತ ನಡೆಯುತ್ತೇವೆ. ನಾನು ಕ್ರಿಯಾಪದ ಹುಡುಕುತ್ತಿದ್ದರೆ ಅವರು ನಡಿಗೆ ನಿಧಾನ ಮಾಡುತ್ತಾರೆ. ಅಂಥ ಗೆಳೆಯರು ಬೇರೆ ಎಲ್ಲಿ ಸಿಗಬೇಕು?

ಹೋದ ತಿಂಗಳು ನಮ್ಮ ಲಿಫ್ಟು ಮೂರು ದಿನ ಕೆಟ್ಟು ನಿಂತಿತು. ಕಾಕಾ ಮಗಳ ಮನೆಗೆಂದು ಸಾತಾರಾಕ್ಕೆ ಹೋಗಿದ್ದರು. ಆ ಸಂಜೆಪತ್ರಿಕೆಯ ವರದಿಗಾರ್ತಿಯೊಬ್ಬಳು ಗೇಟಿನಲ್ಲಿ ನನ್ನನ್ನು ಹಿಡಿದು, ಅಧ್ಯಕ್ಷರೆಲ್ಲಿ ಎಂದಳು. “ಜೋಶಿಕಾಕಾ ಗೇಲೇ,” ಎಂದೆ, ಅಂದರೆ ಹೋದರು. ಸಾತಾರಾಕ್ಕೆ ಸರಿಯಾದ ಮರಾಠಿ ವಿಭಕ್ತಿ ಹಚ್ಚುವಷ್ಟರಲ್ಲಿ ಅವಳು ಧನ್ಯವಾದ ಹೇಳಿ ಹೊರಟೇಹೋದಳು.

ಮರುದಿನ ಸಂಜೆ ಬಸ್ಸಿನಲ್ಲಿ ಪತ್ರಿಕೆ ಬಿಡಿಸಿದೆ. ಕಾಕಾನ ಫೋಟೋ! ಕೊರಳಲ್ಲಿ ಹಾರ! ಮೇಲೆ ಅಂಗೈ ಅಗಲದ ಅಕ್ಷರ: “ಅಧ್ಯಕ್ಷ ಗೇಲೇ ಕುಠೇ? ರಹಿವಾಶಾಂಚಾ ಸಂತಾಪ!” ಗೇಲೇ ಎಂದರೆ ಹೋದರು. ಕುಠೇ ಎಂದರೆ ಎಲ್ಲಿಗೆ. ಹೋದವರು ಎಲ್ಲಿಗೆ ಹೋಗುತ್ತಾರೆಂದು ಯಾರು ಕಂಡಿದ್ದಾರೆ? ಸಂಜೆಪತ್ರಿಕೆಯಲ್ಲಿ ಇಂಥ ತತ್ತ್ವಜ್ಞಾನ ನಾನೆಂದೂ ಓದಿರಲಿಲ್ಲ. ರಹಿವಾಶಿ ಎಂದರೆ ನಿವಾಸಿ. ಸಂತಾಪವಂತೂ ನಮ್ಮದೇ ಮಾತು. ನಮ್ಮ ಕಡೆ ಸಂತಾಪ ಸೂಚಕ ಸಭೆಯಿಲ್ಲದೆ ಯಾವ ಅಧ್ಯಕ್ಷರು ತಾನೇ ಹೋಗುತ್ತಾರೆ? ಕೆಳಗಿನ ಸಣ್ಣ ಅಕ್ಷರ ಓದಲಾಗಲಿಲ್ಲ, ಕನ್ನಡಕ ಮಂಜಾಗಿತ್ತು. ಹಿಂದಿನ ದಿನವಷ್ಟೇ ‘ಗೇಲೇ’ ಎಂದು ನನ್ನ ಬಾಯಿಂದಲೇ ಬಂದಿತ್ತಲ್ಲ ಎಂಬ ಸಂಕಟ ಬೇರೆ.

ಬಸ್ಸಿಳಿದು ಹೂವಿನ ಅಂಗಡಿಗೆ ಹೋದೆ. ಯಾರಿಗೆ ಎಂದ. ಅಧ್ಯಕ್ಷರಿಗೆ ಎಂದೆ. ಜರಿ ಹಚ್ಚಿದ ಮೂರಡಿ ಹಾರ ಕೊಟ್ಟ. ಅದನ್ನು ಹೊತ್ತು, ಲಿಫ್ಟಿಲ್ಲದೆ, ಕಾಕಾನ ಮನೆಗೆ ನಾಲ್ಕು ಮಹಡಿ ಹತ್ತಿದೆ. ಬಾಗಿಲ ಮುಂದೆ ಆ ವರದಿಗಾರ್ತಿ ಕ್ಯಾಮೆರಾ ಹಿಡಿದು ನಿಂತಿದ್ದಳು. ದೊಡ್ಡ ಮನುಷ್ಯರು, ಪತ್ರಿಕೆಯವರೂ ಬಂದಿದ್ದಾರೆ ಎಂದುಕೊಂಡು ಗಂಟೆ ಒತ್ತಿದೆ.

ಬಾಗಿಲು ತೆಗೆದವರು ಕಾಕಾ. ಸಾತಾರಾದಿಂದ ಆಗಷ್ಟೇ ಮರಳಿ ಬನಿಯನ್ನಿನಲ್ಲಿದ್ದರು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಎತ್ತಿದ ಕೈ ಇಳಿಯಲಿಲ್ಲ. ಹಾರ ಅವರ ಕೊರಳಿಗೆ ಬಿತ್ತು. ಕ್ಯಾಮೆರಾ ಕ್ಲಿಕ್ಕೆಂದಿತು. “ಹೇ ಕಾಯ?” ಇದೇನು ಎಂದರು. ಏದುಸಿರಿನಲ್ಲಿ, ತುಂಬಿದ ಕಣ್ಣಿನಲ್ಲಿ, “ಕಾಕಾ, ಮಲಾ ಫಾರ್ ಸಂತಾಪ ಝಾಲಾ,” ನನಗೆ ಬಹಳ ಸಂತಾಪವಾಯಿತು ಎಂದೆ. ಮೊದಲ ಬಾರಿಗೆ ನನ್ನ ಮರಾಠಿ ವಾಕ್ಯವೊಂದು ತಡೆಯಿಲ್ಲದೆ ಮುಗಿದಿತ್ತು. ಕಾಕಾನ ಮುಖ ಇಳಿದುಹೋಯಿತು. “ತುಮ್ಹೀಸುದ್ಧಾ?” ನೀವೂನಾ ಎಂದು, ಹಾರದ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಹೇಳಿದರೆ ಸುಮಂಗಲಾ ಲಟ್ಟಣಿಗೆ ಕೆಳಗಿಟ್ಟಳು. “ಮಹಾರಾಯ್ರ, ಇಲ್ಲಿ ಸಂತಾಪ ಅಂದ್ರ ಸಿಟ್ಟು ರೀ! ಲಿಫ್ಟ್ ಕೆಟ್ಟದ, ಅಧ್ಯಕ್ಷರು ಎಲ್ಲಿ ಹೋದ್ರು, ಮಂದಿಗೆ ಸಿಟ್ಟು ಬಂದದ ಅಂತ ಬರದಾರ. ಆ ಫೋಟೋ ಗಣಪತಿ ಹಬ್ಬದ್ದು. ನೀವು ನೋಡಿದ್ರ, ನಂಗೂ ಭಾಳ ಸಿಟ್ಟು ಬಂದದ ಅಂತ ಹೇಳಿ ಹಾರ ಹಾಕಿ ಬಂದೀರಿ!”

ಮತ್ತೆ ನಾಲ್ಕು ಮಹಡಿ. ಸುಮಂಗಲಾ ಎರಡು ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳಿದಳು. ಕಾಕಾ ನನ್ನನ್ನೇ ನೋಡಿದರು, ಆಮೇಲೆ ಕುರ್ಚಿ ಅಲುಗಾಡುವಂತೆ ನಕ್ಕರು, ಕಣ್ಣೊರೆಸಿಕೊಂಡರು. ಪತ್ರಿಕೆಯನ್ನು ಸರಿಯಾಗಿ ಓದಿದವರೆಲ್ಲ ಫೋನಿನಲ್ಲಿ ಬೈದರಂತೆ. ಮನೆಗೆ ಬಂದವನು ತಪ್ಪು ಓದಿದ ನಾನೊಬ್ಬನೇ ಅಂತೆ. “ಉದ್ಯಾ ಸಹಾ ವಾಜತಾ,” ಎಂದರು. ನಾಳೆ ಆರಕ್ಕೆ, ಎಂದಿನಂತೆ ನಡಿಗೆಗೆ. ನನ್ನ ಜೀವ ತಣ್ಣಗಾಯಿತು.

ಮರುದಿನದ ಪತ್ರಿಕೆಯಲ್ಲಿ ನನ್ನ ಫೋಟೋ! ಹಾರ ಹಾಕಿ ‘ವಿಶಿಷ್ಟ ಪ್ರತಿಭಟನೆ’ ಮಾಡಿದ ನಿವಾಸಿ ನಾನಂತೆ. ಮೆಟ್ಟಿಲು ಹತ್ತಿ ಕೆಂಪಾದ ನನ್ನ ಕಣ್ಣಲ್ಲಿ ‘ಕೆಂಡ’ವಿತ್ತಂತೆ. ಕಾಕಾನನ್ನು ಕತ್ತರಿಸಿ ಹಾಕಿದ್ದರಿಂದ ಉಳಿದದ್ದು ನಾನು, ಅರ್ಧ ಹಾರ, ತಲೆಯ ಮೇಲೆ ದಪ್ಪಕ್ಷರದ ‘ಸಂತಾಪ!’ ಸುಳ್ಳು ಪತ್ರಿಕೆ ಎಂದು ಬೈಯುತ್ತಲೇ ನಾಲ್ಕು ಪ್ರತಿ ಕೊಂಡೆ. ಊರಿನವರೂ ನೋಡಲೆಂದು ಸುಮಂಗಲಾಳ ಫೋನಿನಿಂದ ಬಾಗಲಕೋಟೆಯ ಮಂದಿಗೆಲ್ಲ ಕಳಿಸಿದೆ.

ಹತ್ತು ನಿಮಿಷದಲ್ಲಿ ನನ್ನ ಸೋದರಮಾವನ ಫೋನು. ಶಾಲೆಯಲ್ಲಿ ಹಿಂದಿ ಕಲಿತವರು, ಆ ಅಕ್ಷರ ಓದಬಲ್ಲರು. “ಸುಮಂಗಲಾ, ಯಾವಾಗ ಆತವಾ?” ಎಂದರು ನಡುಗುವ ದನಿಯಲ್ಲಿ.

“ಮಾವಾ, ನಾನ ಮಾತಾಡಾಕತ್ತೀನಿ,” ಎಂದೆ.

“ನೀ ಸುಮ್ಕಿರು,” ಎಂದರು ಮಾವ. “ಪೇಪರಿನ್ಯಾಗ ಬಂದೈತಿ. ಮೊದಲ ಆಕಿ ಕೈಯಾಗ ಫೋನ್ ಕೊಡು.”