ಒಂದು ಮಾರು ದೂರ

ದಿಂಬಿನ ಕಾರ್ಖಾನೆಯ ಮ್ಯಾನೇಜರ ಗಂಟಲು ಸರಿಯಾಗಿ ಆ ದಿನವೇ ಕಟ್ಟಿಕೊಳ್ಳಬೇಕೆ? ಹೊರದೇಶದ ದೊಡ್ಡ ಗಿರಾಕಿ ಬರುವ ಹೊತ್ತು. ಇವರ ಬಾಯಿಂದ ಹೊರಡುತ್ತಿದ್ದುದು ತುಕ್ಕು ಹಿಡಿದ ಬಾಗಿಲಿನ ಸದ್ದು. ಕೈಸನ್ನೆ ಮಾಡಿ ಉಗ್ರಾಣದ ಮೆತ್ತಣ್ಣನನ್ನು ಕರೆಸಿದರು.

ಮೆತ್ತಣ್ಣ ಅನ್ನುವುದು ಜೊತೆಯವರು ಇಟ್ಟ ಹೆಸರು. ನಾಲ್ಕು ಮಾತಾಡು ಎಂದರೆ ಬೆವರಿ ನೀರಾಗುವ ಪ್ರಾಣಿ. ಯಾರೂ ಸುಳಿಯದ ಹಿಂದಿನ ಗೋದಾಮಿಗೆ ತನ್ನನ್ನು ಹಾಕಿ ಎಂದು ವರ್ಷಗಳಿಂದ ಬೇಡುತ್ತಿದ್ದ.

"ಅವ್ರಿಗೆ ಕಾರ್ಖಾನೆ ತೋರ್ಸು," ಮ್ಯಾನೇಜರು ಕಿರುಗುಟ್ಟಿದರು. "ಆರ್ಡರ್ ಸಿಕ್ರೆ ಗೋದಾಮು ನಿಂದೇ. ಸಿಗ್ಲಿಲ್ಲಾಂದ್ರೆ ನಮ್ಮೆಲ್ರ ಕೆಲಸಕ್ಕೂ ಕುತ್ತು."

ಸುದ್ದಿ ತಿಳಿದದ್ದೇ ತಡ, ರವಾನೆ ವಿಭಾಗದ ಎಲ್ಲಬಲ್ಲ ಓಡಿಬಂದ. ಊರ ಗಡಿ ದಾಟಿದವನಲ್ಲ. ಮೊಬೈಲಿನಲ್ಲೇ ಪ್ರಪಂಚ ಸುತ್ತಿದವನು.

"ಆ ದೇಶದವ್ರ ಹತ್ರ ಒಂದು ಮಾರು ದೂರ ನಿಂತೇ ಮಾತಾಡ್ಬೇಕು. ಅದಕ್ಕಿಂತ ಹತ್ರ ಹೋದ್ಯೋ, ಎದ್ದು ಹೊರಟೇಬಿಡ್ತಾರೆ!"

ಗಿರಾಕಿ ಬಂದರು. ತೆಂಗಿನ ಮರದಷ್ಟು ಎತ್ತರ. ನಮ್ಮ ಭಾಷೆಯನ್ನು ಯಾವುದೋ ಹಳೆಯ ಪುಸ್ತಕದಿಂದ ಕಲಿತಿದ್ದರು. "ಮಹನೀಯರೇ, ತಮ್ಮ ದರ್ಶನದಿಂದ ಧನ್ಯನಾದೆನು," ಎನ್ನುತ್ತಾ ಬಾಗಿ, ಮೆತ್ತಣ್ಣನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

ಮೆತ್ತಣ್ಣನಿಗೆ ಒಂದು ಮಾರಿನ ಮಾತು ನೆನಪಾಯಿತು. ಹಿಂದೆ ಸರಿದ. ಅವರು ಮುಂದೆ ಬಂದರು. ಮತ್ತೆ ಸರಿದ. ಮತ್ತೆ ಬಂದರು.

"ಇದು... ಹೊಲಿಗೆ ವಿಭಾಗ," ಎನ್ನುತ್ತಾ ಮೆತ್ತಣ್ಣ ಬೆನ್ನು ಮುಂದಾಗಿ ಆ ಕೋಣೆಯನ್ನು ಹೊಕ್ಕ.

"ಎಡಕ್ಕೆ ಬಾರೋ, ಹಿಂದೆ ಮಿಷನ್ನಿದೆ!" ಹೊಲಿಗೆಯ ಅಕ್ಕ ಎದ್ದು ನಿಂತು, ಬಸ್ಸು ಹಿಂದಕ್ಕೆ ತೆಗೆಸುವ ಕಂಡಕ್ಟರನಂತೆ ಕೈಯಾಡಿಸಿದರು. "ಬರ್ಲಿ, ಬರ್ಲಿ... ಹೋಲ್ಡಾನ್! ಈಗ ಬಲಕ್ಕೆ!"

ಮುಂದಿನದು ಹತ್ತಿಯ ಕೋಣೆ. ಅಲ್ಲಿ ದಾರಿ ಹೇಳುವವರಿರಲಿಲ್ಲ. ಮೆತ್ತಣ್ಣ ಹತ್ತಿಯ ರಾಶಿಯಲ್ಲಿ ಗುಳುಂ ಎಂದು ಮುಳುಗಿ ಆಚೆ ಬದಿಯಿಂದ ಎದ್ದ. ಬಿಳಿ ಗಡ್ಡ, ಬಿಳಿ ಹುಬ್ಬು: ಒಂದೇ ಗಳಿಗೆಯಲ್ಲಿ ನೂರು ವರ್ಷದ ಅಜ್ಜ. ಹಿಂದೆಯೇ ಇನ್ನೊಬ್ಬ ಅಜ್ಜ ಎದ್ದರು.

"ಹತ್ತಿಯು ಅತ್ಯಂತ ಮೃದು... ಆಕ್ಷೀ!... ಮೃದುವಾಗಿದೆ ಮಹನೀಯರೇ!"

ಅಂಗಳಕ್ಕೆ ಬಂದರು. ಅಲ್ಲಿ ದಿಂಬು ತುಂಬಿದ ಲಾರಿಯೊಂದು ಹಲಗೆ ಚಾಚಿಕೊಂಡು ನಿಂತಿತ್ತು. ಮೆತ್ತಣ್ಣ ಹಿಮ್ಮುಖವಾಗಿಯೇ ಹಲಗೆ ಹತ್ತಿ ಒಳಗೆ ಹೋದ. ಗಿರಾಕಿಯೂ ಹೋದರು. "ಅಯ್ಯೋ, ನಿಲ್ಲೀ!" ಎಂದು ಎಲ್ಲಬಲ್ಲ ಎರಡೂ ಕೈ ಎತ್ತಿ ಓಡಿಬಂದ. ಲೋಡ್ ಮುಗಿಯಿತು, ಹೊರಡು ಎಂಬ ಸನ್ನೆ ಅದು ಎಂದುಕೊಂಡ ಡ್ರೈವರು ಹಲಗೆ ಎಳೆದು, ಬಾಗಿಲು ಜಡಿದು, ಗಾಡಿ ಬಿಟ್ಟೇಬಿಟ್ಟ.

ಲಾರಿಯೊಳಗೆ ಮೆತ್ತಣ್ಣನ ಬೆನ್ನಿಗೆ ಗೋಡೆ ಸಿಕ್ಕಿತು. ಇನ್ನು ಸರಿಯಲು ಜಾಗವಿಲ್ಲ. ಅಳುವಂತಾಗಿ ಕೈಮುಗಿದ.

"ಸ್ವಾಮಿ, ದಮ್ಮಯ್ಯ, ಒಂದು ಮಾರು ಆಚೆ ನಿಂತ್ಕೊಳ್ಳಿ! ನಿಮ್ಮೋರ ಪದ್ಧತಿ ಅದೇ ಅಲ್ವಾ?"

ಗಿರಾಕಿ ದಿಂಬಿನ ಮೂಟೆಯ ಮೇಲೆ ಕುಸಿದು ಕುಳಿತರು. "ಅಬ್ಬಾ! ಅದುವೇ ನಮ್ಮ ಪದ್ಧತಿಯು. ಆದರೆ ತಮ್ಮ ನಾಡಿನಲ್ಲಿ ದೂರ ನಿಲ್ಲುವುದು ಅವಮಾನವೆಂದು ನನ್ನ ಸಹೋದ್ಯೋಗಿಯು ಬೋಧಿಸಿದ್ದನು. ಬೆಳಗಿನಿಂದ ಸಂಕಟದಲ್ಲಿ ಸಾಯುತ್ತಿದ್ದೆನು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾರ್ಖಾನೆಯವರು ಡ್ರೈವರಿಗೆ ಫೋನು ಮಾಡಿ ಲಾರಿಯನ್ನು ತಿರುಗಿಸುವಷ್ಟರಲ್ಲಿ ಮೆತ್ತಣ್ಣ ತನ್ನ ಜೀವಮಾನದಲ್ಲಿ ಆಡದಷ್ಟು ಮಾತಾಡಿದ್ದ.

ಗಿರಾಕಿ ಆರ್ಡರಿಗೆ ಸಹಿ ಹಾಕಿದರು. ಮೆತ್ತಣ್ಣ ಆಸೆಗಣ್ಣಿನಿಂದ ಮ್ಯಾನೇಜರತ್ತ ನೋಡಿದ. ಅಷ್ಟರಲ್ಲಿ ಗಿರಾಕಿ ಗಂಟಲು ಸರಿಮಾಡಿಕೊಂಡರು.

"ದೂರವೊಂದೇ ಬೇಕಿದ್ದರೆ ಇವರು ತಿರುಗಿ ಓಡಬಹುದಿತ್ತು. ಓಡಲಿಲ್ಲ. ನಮ್ಮಲ್ಲಿ ಅರಸನಿಗೆ ಮಾತ್ರ ಹೀಗೆ ಬೆನ್ನು ತೋರಿಸದೆ ನಡೆಯುವರು. ಮುಂದಿನ ವಾರ ನಮ್ಮ ಸಂಸ್ಥೆಯ ನಲವತ್ತು ಮಂದಿ ಆಗಮಿಸುವರು. ಒಬ್ಬೊಬ್ಬರನ್ನೂ ಇವರೇ, ಹೀಗೆಯೇ, ಕರೆದೊಯ್ಯತಕ್ಕದ್ದು."

ಸಂತೋಷಕ್ಕೆ ಮ್ಯಾನೇಜರ ಗಂಟಲು ಫಟ್ಟನೆ ತೆರೆಯಿತು. "ಆಗ್ಲಿ ಸಾರ್! ಇನ್ಮೇಲೆ ಅತಿಥಿಗಳೆಲ್ಲ ಮೆತ್ತಣ್ಣನ ಪಾಲಿಗೆ! ಗೋದಾಮಿಗೆ ಎಲ್ಲಬಲ್ಲ ಹೋಗ್ಲಿ!"

ಮೆತ್ತಣ್ಣ ಅಲ್ಲಿಂದಲೂ ಹಿಮ್ಮುಖವಾಗಿ ಸರಿಯತೊಡಗಿದ. ಹೊಲಿಗೆಯ ಅಕ್ಕ ಬಂದು ಅವನ ಬೆನ್ನಿನ ಅಗಲಕ್ಕೆ ಟೇಪು ಹಿಡಿದರು.

"ಅಲ್ಲಾಡ್ಬೇಡಪ್ಪ, ಅಳತೆ ತಪ್ಪುತ್ತೆ. ಹಿಂದೆ ಕಟ್ಕೊಳ್ಳೋಕೆ ದಪ್ಪಗೊಂದು ದಿಂಬು ಹೊಲಿದುಕೊಡ್ತೀನಿ."