ವಯಸ್ಸಾದವರಿಗೆ ಮಾತ್ರ

ನಮ್ಮ ಸೋದರಮಾವನಷ್ಟು ಕಟ್ಟುನಿಟ್ಟಾಗಿ ಕಾನೂನು ಪಾಲಿಸಿದ ಮನುಷ್ಯ ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅವನು ಪಾಲಿಸುತ್ತಿದ್ದ ಕಾನೂನು ಅವನ ಅಂಗಡಿಯಿಂದ ಆಚೆಗೆ ಎಲ್ಲೂ ಇರಲಿಲ್ಲ ಎನ್ನುವುದು ಬೇರೆ ಮಾತು!

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಮಾವನದು ಬೀಡಿ, ಹೊಗೆಸೊಪ್ಪು, ಎಲೆ-ಅಡಿಕೆಯ ಪುಟ್ಟ ಅಂಗಡಿ. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಯಾವುದೋ ಸಭೆಯಲ್ಲಿ ಸಾಹೇಬರೊಬ್ಬರು ಭಾಷಣದ ಕೊನೆಗೆ, ಇನ್ನೇನು ಹೇಳುವುದೆಂದು ತೋಚದೆ, "ಅಂಗಡಿಯವರು ಎಳೆಯರಿಗೆ ಬೀಡಿ ಮಾರಬಾರದು" ಎಂದುಬಿಟ್ಟರಂತೆ. ಜನ ಚಪ್ಪಾಳೆ ತಟ್ಟಿದರು, ಹೊರಗೆ ಬಂದು ಬೀಡಿ ಹಚ್ಚಿದರು. ಮಾವ ಮಾತ್ರ ನೆಟ್ಟಗೆ ಮನೆಗೆ ಬಂದು, "ಸರ್ಕಾರದ ಹುಕುಂ ಆಗೇತಿ" ಎಂದು ಸಾರಿದ.

ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದಳು. "ಯಾರು ಎಳೇರು, ಯಾರು ಬಲ್ತೋರು ಅಂತ ಹೆಂಗ್ ನೋಡ್ತೀರಿ? ಬದ್ನೇಕಾಯಿ ಹಿಚುಕಿ ನೋಡ್ದಂಗೆ ಗಿರಾಕೀನ ಹಿಚುಕಿ ನೋಡ್ತೀರೇನ್ರೀ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾವ ಮೊದಲು ಬೋರ್ಡು ಬರೆಸಿದ, ಪ್ರಶ್ನೆಯನ್ನು ಆಮೇಲೆ ಯೋಚಿಸಿದ. ಬೋರ್ಡು ಬರೆಯುವವನು "ವಯಸ್ಸಿಗೆ ಬಂದವರಿಗೆ ಮಾತ್ರ" ಎಂದು ಬರೆಯಲು ಹೊರಟಾಗ ಮಾವ ಕೈ ಹಿಡಿದನಂತೆ. "ವಯಸ್ಸಿಗೆ ಬರೋದು ಅಂದ್ರೆ ಹೆಣ್ಮಕ್ಕಳಿಗೆ ಹೇಳೋ ಮಾತು. ಮೀಸೆ ಹೊತ್ತೋರು ಓದಿದ್ರೆ ಏನಂದಾರು? ಚೊಕ್ಕವಾಗಿ ವಯಸ್ಸಾದವರಿಗೆ ಅಂತ ಬರಿ!" ಹೀಗೆ ಅಂಗಡಿಯ ನೆತ್ತಿಯ ಮೇಲೆ ತಗಡಿನ ಬೋರ್ಡು ಏರಿತು: "ಬೀಡಿ, ಹೊಗೆಸೊಪ್ಪು ವಯಸ್ಸಾದವರಿಗೆ ಮಾತ್ರ."

ಮರುದಿನದಿಂದ ಆ ಅಂಗಡಿಯ ಮುಂದೆ ನಿಲ್ಲುವುದೆಂದರೆ ತಾನು ಮುದುಕ ಎಂದು ಊರಿಗೆ ಡಂಗುರ ಸಾರಿದ ಹಾಗಾಯಿತು. ಯಾವ ಗಂಡಸು ನಿಂತಾನು? ನಲವತ್ತು ದಾಟಿದವರೂ ಮೀಸೆ ತಿರುವಿಕೊಂಡು ಎದುರು ಸಾಲಿನ ಅಂಗಡಿಗೆ ಹೋದರು. ಬಳ್ಳಿಗಾವಿಯವರೊಬ್ಬರು ಎರಡನೇ ಸಂಬಂಧಕ್ಕೆ ಹೆಣ್ಣು ಹುಡುಕುತ್ತಿದ್ದರು. ಅವರು ಬೋರ್ಡಿನ ಕೆಳಗೆ ಬೀಡಿ ಕೊಳ್ಳುತ್ತಿದ್ದಾಗಲೇ ಹೆಣ್ಣಿನ ಕಡೆಯವರು ಬಸ್ಸಿನಿಂದ ಇಳಿಯಬೇಕೆ!

"ಬೋರ್ಡು ಓದಿ ಅದೇ ಬಸ್ಸಿಗೆ ವಾಪಸ್ ಹೋದ್ರು ಕಣ್ರೀ!" ಎಂದು ಅವರು ಮಾವನ ಮೇಲೆ ಏರಿ ಬಂದರು.

"ನಾನು ವಯಸ್ಸು ನೋಡಿ ಬೀಡಿ ಕೊಟ್ಟೆ. ಅವ್ರು ವಯಸ್ಸು ನೋಡಿ ಹೆಣ್ಣು ಕೊಡ್ಲಿಲ್ಲ. ಇಬ್ರದೂ ಕಾನೂನೇ ಅಲ್ಲೇನ್ರೀ?" ಎಂದ ಮಾವ.

ಇನ್ನು ವಯಸ್ಸು ನೋಡುವುದಾದರೂ ಹೇಗೆ? ಆಗ ವಯಸ್ಸು ಗೊತ್ತಿದ್ದವರು ಯಾರು? ಕೇಳಿದರೆ, "ಪ್ಲೇಗಿನ ವರ್ಷ ಅವ್ವನ ಹೊಟ್ಟೇಲಿದ್ದೆ" ಎನ್ನುತ್ತಿದ್ದರು. ಯಾವ ಪ್ಲೇಗು? ಅದು ಅವ್ವನಿಗೇ ಗೊತ್ತು! ಮಾವ ಮೊದಲು ಶಾಲೆಯ ಪದ್ಧತಿ ಹಿಡಿದ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರಲ್ಲ, ಅದೇ. ಎರಡು ದಿನ ಬಸ್ ಸ್ಟ್ಯಾಂಡಿನಲ್ಲಿ, ಬೋರ್ಡು ನೋಡದೆ ಬಂದ ಮೀಸೆಯ ಗಂಡಸರು ಕಿವಿ ಹಿಡಿದುಕೊಂಡು ನಿಂತರು. ಮೂರನೆಯ ದಿನ ಆರು ವರ್ಷದ ಪೋರನೊಬ್ಬ ಬಂದು ಸಲೀಸಾಗಿ ಕಿವಿ ಮುಟ್ಟಿ "ಬೀಡಿ" ಎಂದ. ಆ ಪದ್ಧತಿ ಅಲ್ಲಿಗೆ ಮುಗಿಯಿತು. ಪೋರನಿಗೆ ಮಾವ ಪೆಪ್ಪರಮೆಂಟು ಕೊಟ್ಟು ಕಳಿಸಿದ.

ಆಮೇಲೆ ಶಾಲೆಯ ಸರ್ಟಿಫಿಕೇಟು. ತಂದವರೆಲ್ಲ ಜೂನ್ ಒಂದನೇ ತಾರೀಖು ಹುಟ್ಟಿದವರು! ನನ್ನದೂ ಅದೇ. ಮೇಷ್ಟ್ರು ಶಾಲೆ ಶುರುವಾಗುವ ದಿನವನ್ನೇ ಎಲ್ಲರಿಗೂ ಬರೆದು ಕೈ ತೊಳೆದುಕೊಂಡಿದ್ದರು. "ಭತ್ತ ಕೊಯ್ಯೋವಾಗ ನಿನ್ನ ಬಾಣಂತನಕ್ಕೆ ಅಂತ ನಾನೇ ಗಾಡಿ ಕಟ್ಟಿ ಅಕ್ಕನ್ನ ಕರ್ಕೊಂಡ್ಬಂದೀನಿ. ಜೂನ್‌ನಾಗೆ ಹೆಂಗ್ ಹುಟ್ಟಿದ್ಯೋ? ಸುಳ್ಳು ದಾಖಲೆ!" ಎಂದು ನನ್ನ ಸರ್ಟಿಫಿಕೇಟನ್ನು ಮುಖಕ್ಕೆ ಹಿಡಿದ.

ಕೊನೆಗೆ ಅವನಿಗೆ ಜ್ಞಾನೋದಯವಾದದ್ದು ಒಂದು ಸುಟ್ಟ ಪಂಚೆಯಿಂದ. ಒಬ್ಬ ಗಿರಾಕಿ ಬೀಡಿ ಸೇದುತ್ತ ನಿಂತಿದ್ದ. ದೂರದಲ್ಲಿ ಅವನ ಅಪ್ಪ ಬರುವುದು ಕಂಡದ್ದೇ ಉರಿಯುವ ಬೀಡಿಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿದ. ಮಾವ ತೊಡೆ ತಟ್ಟಿದ. ಯಾರನ್ನಾದರೂ ಕಂಡು ಬೀಡಿ ಮುಚ್ಚಿಡುವವನಿಗೆ ಇನ್ನೂ ವಯಸ್ಸಾಗಿಲ್ಲ! ಅಂದಿನಿಂದ ಒಂದೇ ಪ್ರಶ್ನೆ: "ಯಾರನ್ನ ಕಂಡ್ರೆ ಮುಚ್ಚಿಡ್ತೀ?" ಹೆಸರು ಹೇಳಿದವನಿಗೆ ಬೀಡಿಯಿಲ್ಲ, ಪೆಪ್ಪರಮೆಂಟು.

ತಾಳಗುಂದದ ಗೌಡರೊಬ್ಬರಿಗೆ ಮೊಮ್ಮಕ್ಕಳಿದ್ದರು. ಆದರೇನು, ಮನೆಯಲ್ಲಿ ಅಪ್ಪ ಇನ್ನೂ ಗಟ್ಟಿಯಾಗಿದ್ದರು. ಮಾವ, "ಹಂಗಾರೆ ಅವರನ್ನೇ ಕರ್ಕೊಂಡ್ಬರ್ರಿ, ಹ್ಞೂಂ ಅನ್ಲಿ" ಎಂದ. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ, ಏನು ಕೇಳಿದರೂ ತಲೆ ಆಡಿಸುತ್ತಾರೆ ಎಂಬ ಧೈರ್ಯದಿಂದ, ಹಟಕ್ಕೆ ಬಿದ್ದ ಗೌಡರು ಸಂತೆಯ ದಿನ ಅವರನ್ನು ಗಾಡಿಯಲ್ಲಿ ತಂದೇಬಿಟ್ಟರು. ಕಿವಿ ಮಂದ ಎಂದು ಗೊತ್ತಾದ ಮೇಲೆ ಮಾವ ಸುಮ್ಮನಿರುತ್ತಾನೆಯೇ? ಇಡೀ ಸಂತೆಗೆ ಕೇಳುವಂತೆ, "ನಿಮ್ಮ ಮಗಂಗೆ ಬೀಡಿ ಕೊಡ್ಲಾ ಅಜ್ಜಾ?" ಎಂದು ಕೂಗಿದ.

ಅಜ್ಜ ದೊಣ್ಣೆ ಎತ್ತಿದರು. "ಇವ್ನು ಬೀಡಿ ಸೇದ್ತಾನಾ! ಯಾವಾಗಿಂದ ಕಲ್ತ್ಯೋ ಈ ಚಟಾನ?"

ಗೌಡರು ಗಾಡಿಯ ಕೆಳಗೆ ನುಸುಳಿದರು. ಅಜ್ಜ ಉಸ್ಸೆಂದು ಕೂತು ತಮಗೊಂದು ಕಟ್ಟು ಬೀಡಿ ಕೇಳಿದರು. ಅವರು ಯಾರನ್ನೂ ಕಂಡು ಮುಚ್ಚಿಡಬೇಕಾಗಿರಲಿಲ್ಲವಾದ್ದರಿಂದ ಮಾವ ಮರ್ಯಾದೆಯಿಂದ ಕೊಟ್ಟ.

ಈಗ ನನ್ನ ಕಥೆ. ನಾನಾಗ ಸೊರಬದ ಕಡೆ, ಜಡೆ ಎಂಬ ಊರಿನ ಹತ್ತಿರದ ನಮ್ಮೂರಿನಲ್ಲೇ ಮೇಷ್ಟ್ರು. ಮದುವೆಯೂ ಆಗಿತ್ತು. ಬೀಡಿ ಬೇಕಾದರೆ ಸೊರಬದಲ್ಲೇ ಸಿಗುತ್ತಿತ್ತು, ಕದ್ದು ಸೇದುತ್ತಲೂ ಇದ್ದೆ. ಆದರೆ ಮಾವನ ಕೈಯಿಂದ ಒಂದು ಕಟ್ಟು ಈಸಿಕೊಂಡು ದೊಡ್ಡವನು ಎನ್ನಿಸಿಕೊಳ್ಳಬೇಕೆಂಬ ಹುಚ್ಚು ನನಗೆ. ಶಿಕಾರಿಪುರಕ್ಕೆ ಹೋದಾಗಲೆಲ್ಲ ಕೇಳುತ್ತಿದ್ದೆ.

"ಯಾರನ್ನ ಕಂಡ್ರೆ ಮುಚ್ಚಿಡ್ತೀ?"

"ಯಾರ್ನೂ ಇಲ್ಲ ಮಾರಾಯಾ!" ಎಂದು ಒಂದು ಸಲ ಸುಳ್ಳು ಹೇಳಿದೆ.

ಮಾವ ನನ್ನ ಹೆಗಲಾಚೆ ನೋಡಿ, "ಓಹೋ, ಭಾವ ಯಾವಾಗ ಬಂದ್ರಿ?" ಎಂದ. ನನ್ನ ಎರಡೂ ಕೈ ಬೆನ್ನ ಹಿಂದೆ ಹೋದವು. ಕೈಯಲ್ಲಿ ಬೀಡಿಯೇ ಇರಲಿಲ್ಲ, ಆದರೂ ಹೋದವು! ತಿರುಗಿ ನೋಡಿದರೆ ಅಪ್ಪನೂ ಇರಲಿಲ್ಲ. ಮಾವ ಪೆಪ್ಪರಮೆಂಟಿನ ಭರಣಿಗೆ ಕೈ ಹಾಕಿದ.

"ಸಿಟ್ಟಾಗ್ಬೇಡ. ನಿಂಗೆ ವಯಸ್ಸಾದ ದಿನ ನಾನೇ ಕೈಯಾರೆ ತಂದು ಕೊಡ್ತೀನಿ."

"ಆ ದಿನ ಬೇಗ ಬರ್ಲಿ ಮಾವ!"

ಅವನ ಮುಖದ ನಗು ಹೋಯಿತು. "ಬಿಡ್ತು ಅನ್ನು" ಎಂದ. ನಾನು ನಕ್ಕೆ. "ಬಿಡ್ತು ಅನ್ನೋ ಮೊದ್ಲು!" ಎಂದು ಗದರಿದ. ಒಂದು ಬೀಡಿಗೆ ಇಷ್ಟು ಶಾಸ್ತ್ರವೇ ಎಂದುಕೊಂಡು ಬಿಡ್ತು ಅಂದೆ, ಪೆಪ್ಪರಮೆಂಟು ಚೀಪುತ್ತ ಬಸ್ಸು ಹತ್ತಿದೆ.

ಆ ವರ್ಷ ಸುಗ್ಗಿಯ ಹೊತ್ತಿಗೆ ನಾಲ್ಕು ದಿನದ ಜ್ವರದಲ್ಲಿ ಅಪ್ಪ ತೀರಿಕೊಂಡರು.

ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಮಾವ ನನ್ನನ್ನು ಬಣವೆಯ ಹಿಂದಕ್ಕೆ ಕರೆದ. ಜೇಬಿನಿಂದ ಒಂದು ಕಟ್ಟು ಬೀಡಿ ತೆಗೆದು ನನ್ನ ಅಂಗೈಯಲ್ಲಿಟ್ಟ. "ತಗೋ. ಕೊಡ್ತೀನಿ ಅಂದಿದ್ನಲ್ಲ." ಮನೆಯ ಕಡೆ ನಡೆದುಬಿಟ್ಟ.

ಅವನು ಯಾಕೆ ಬಿಡ್ತು ಅನ್ನಿಸಿದ್ದನೆಂದು ನನಗೆ ಹೊಳೆದದ್ದು ಆಗ. ಇಷ್ಟು ದಿನ ನಾನು ಹಲ್ಲು ಕಿರಿದು ಕೇಳುತ್ತಿದ್ದದ್ದು ಈ ದಿನವನ್ನೇ. ಕಡ್ಡಿ ಗೀರಿ ಒಂದು ಬೀಡಿ ಹಚ್ಚಿದೆ. ಯಾರಿಗೂ ಹೆದರಬೇಕಾಗಿರಲಿಲ್ಲ. ಅದರಷ್ಟು ಕಹಿಯಾದ ಬೀಡಿಯನ್ನು ನಾನು ಸೇದಿಲ್ಲ.

ಅಷ್ಟರಲ್ಲಿ ಒಣಹುಲ್ಲಿನ ಮೇಲೆ ಚಪ್ಪಲಿಯ ಸದ್ದಾಯಿತು. ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಮಾವ ವಾಪಸ್ ಬಂದಿದ್ದ. ನನ್ನ ಮುಖ ನೋಡಿದ, ಹೆಗಲ ಹಿಂದಿನಿಂದ ಏಳುತ್ತಿದ್ದ ಹೊಗೆ ನೋಡಿದ.

"ಯಾರನ್ನ ಕಂಡು ಮುಚ್ಚಿಟ್ಟೆ?"

"ನಿನ್ನನ್ನೇ" ಎಂದೆ.

ಮಾವ ಹತ್ತಿರ ಬಂದ. ಕೈ ಚಾಚಿದ. "ಹಂಗಾರೆ ನಿಂಗಿನ್ನೂ ವಯಸ್ಸಾಗಿಲ್ಲ. ನಾನಿದೀನಲ್ಲ. ತಾ ಇತ್ಲಾಗೆ."

ಬೀಡಿಯನ್ನು ಕಾಲಲ್ಲಿ ಹೊಸಕಿದ. ಕಟ್ಟನ್ನು ತನ್ನ ಜೇಬಿಗೆ ಸೇರಿಸಿದ. ಇನ್ನೊಂದು ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೊಟ್ಟ. ನಾಲ್ಕು ತರಗತಿಗೆ ಪಾಠ ಹೇಳುವ ಮೇಷ್ಟ್ರು ನಾನು, ಅದನ್ನು ಬಾಯಿಗೆ ಹಾಕಿಕೊಂಡು ಮಾವನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟೆ.